ಎರಡೂವರೆ ವರ್ಷದ ಆಡಿ

ಮೊನ್ನೆ ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ ಒಂದು ಜವಳಿ ಅಂಗಡಿಯ ಮುಂದೆ ನಿಂತು ಒಬ್ಬಳೇ ನಕ್ಕುಬಿಟ್ಟೆ. ಸಣ್ಣ ನಗುವಲ್ಲ. ಪಕ್ಕದಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಹೆಂಗಸು ದಾರ ಬಿಟ್ಟು ನನ್ನನ್ನೇ ನೋಡುವಷ್ಟು. ಅಂಗಡಿಯ ಉದ್ದಕ್ಕೂ ಒಂದು ಬ್ಯಾನರ್ ಕಟ್ಟಿದ್ದರು: 'ಆಡಿ ರಿಯಾಯಿತಿ, ಇನ್ನೂ ಹದಿನೈದು ದಿನ ವಿಸ್ತರಿಸಲಾಗಿದೆ.' ಆಡಿಯನ್ನು ಹದಿನೈದು ದಿನ ಎಳೆದದ್ದಕ್ಕೆ ಇಷ್ಟು ದೊಡ್ಡ ಬ್ಯಾನರೇ? ನಮ್ಮಜ್ಜಿ ಅದನ್ನು ಎರಡೂವರೆ ವರ್ಷ ಎಳೆದಿದ್ದಳು, ಒಂದು ತುಂಡು ಬಟ್ಟೆಯನ್ನೂ ಎಲ್ಲಿಯೂ ಕಟ್ಟದೆ.

ಆಡಿ ಎಂದರೆ ತಮಿಳರ ಲೆಕ್ಕದ ಆಷಾಢ, ಹೆಚ್ಚು ಕಡಿಮೆ. ಹೊಸದಾಗಿ ಮದುವೆಯಾದ ಹೆಣ್ಣನ್ನು ಆ ತಿಂಗಳು ತವರಿಗೆ ಕರೆತರುವ ಪದ್ಧತಿ ನಿಮ್ಮಲ್ಲೂ ಇದೆ, ನಮ್ಮಲ್ಲೂ ಇದೆ. ಒಂದು ತಿಂಗಳು ಅಮ್ಮನ ಕೈಯ ಊಟ, ಮಧ್ಯಾಹ್ನದ ನಿದ್ದೆ, ಹಳೆಯ ಗೆಳತಿಯರ ಜೊತೆ ಹರಟೆ. ಮುಂದಿನ ತಿಂಗಳು, ಆವಣಿ, ಹುಟ್ಟುತ್ತಲೇ ಗಂಡ ಹೊಸ ಪಂಚೆ ಉಟ್ಟು ಬಂದು ಕರೆದುಕೊಂಡು ಹೋಗುತ್ತಾನೆ. ಅಪ್ಪನ ತಂಗಿ ರುಕ್ಕತ್ತೆಯೂ ಹಾಗೆಯೇ ಬಂದಳು. ಅವಳನ್ನು ಆನೈಮಲೈ ಹತ್ತಿರ ತೆಂಗಿನಕಾಯಿ ಮಂಡಿ ಇಟ್ಟಿದ್ದ ನಮ್ಮದೇ ಜನದ ಒಂದು ಮನೆಗೆ ಕೊಟ್ಟಿದ್ದರು. ಆಡಿ ಮುಗಿಯುವ ಹಿಂದಿನ ದಿನ ಅವಳು ಅಡುಗೆಮನೆಯಲ್ಲಿ ಬಳೆಗಳನ್ನು ಮೇಲಕ್ಕೆ ಸರಿಸಿ, ಮಣಿಕಟ್ಟಿನಿಂದ ಮೊಣಕೈವರೆಗಿನ ಗುರುತುಗಳನ್ನು ಅಜ್ಜಿಗೆ ತೋರಿಸಿದಳು. ಗಂಡ ಹೊಡೆಯುತ್ತಿದ್ದ. ಅಜ್ಜಿ ತುಂಬ ಹೊತ್ತು ನೋಡಿ, ಬಳೆಗಳನ್ನು ತಾನೇ ಕೆಳಕ್ಕೆ ಸರಿಸಿದಳು. "ಈಗ ಬ್ಯಾಡ ಬುಡು. ಆಡಿ ಇನ್ನೂ ಅದೆ ಅಂತ ಹೇಳಿ ಕಳ್ಸಾನ. ಅಪ್ಪುರಂ ನೋಡಾನ" ಎಂದಳು.

ಆ 'ಅಪ್ಪುರಂ', ಅಂದರೆ 'ಆಮೇಲೆ', ಬರಲೇ ಇಲ್ಲ. ಅತ್ತೆಯನ್ನು ವಾಪಸು ಕಳಿಸಲು ಅಜ್ಜಿಗೆ ಮನಸ್ಸು ಬರಲಿಲ್ಲ, ಕಳಿಸುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಹೀಗಾಗಿ ಕ್ಯಾಲೆಂಡರನ್ನೇ ನಿಲ್ಲಿಸಿದಳು. ಬಾಗಿಲಿಗೆ ಬಂದವರಿಗೆಲ್ಲ ಉತ್ತರ ಕೊಡುವ ಕೆಲಸ ನನ್ನದಾಯಿತು. ನನಗೆ ಆಗ ಹತ್ತು ಮುಗಿದಿತ್ತು, ಮುಖ ಅಮಾಯಕವಾಗಿತ್ತು, ಆ ಕೆಲಸಕ್ಕೆ ಅಷ್ಟು ಸಾಕು. "ಅತ್ತೆ ಆಡಿಗೆ ಬಂದವ್ರೆ" ಎಂದು ನಾನು ಐಪ್ಪಸಿಯಲ್ಲಿ ದೀಪಾವಳಿ ಎಣ್ಣೆ ಹಚ್ಚಿಕೊಂಡು ಹೇಳಿದೆ, ಮಾರ್ಗಳಿಯ ಚಳಿಯಲ್ಲಿ ಹಲ್ಲು ಕಟಕಟಿಸುತ್ತ ಹೇಳಿದೆ, ಪರೀಕ್ಷೆಗೆ ಹೊರಡುತ್ತ ಹೇಳಿದೆ. ನಡುವೆ ಎರಡು ನಿಜವಾದ ಆಡಿಗಳು ಬಂದು ಹೋದವು. ಆ ಎರಡು ತಿಂಗಳು ಮಾತ್ರ ನಾನು ನಿಜದಿಂದ ಅಷ್ಟು ದೂರವಿರಲಿಲ್ಲ, ಆದರೆ ಹೇಳುವಾಗ ಆಗಲೇ ನಾಲಿಗೆ ತಡವರಿಸುತ್ತಿತ್ತು.

ಇಷ್ಟೆಲ್ಲ ಯಾಕೆ ಎಂದರೆ 'ನಾಲ್ಕು ಜನ ಏನಂತಾರೆ' ಎಂಬ ಭಯ. ಅಜ್ಜಿ ಈ ಮಾತನ್ನು ದಿನಕ್ಕೆ ಮೂರು ಸಲವಾದರೂ ಆಡುತ್ತಿದ್ದಳು, ಅರ್ಧ ಕನ್ನಡದಲ್ಲಿ, ಅರ್ಧ ತಮಿಳಿನಲ್ಲಿ. ಆ ನಾಲ್ಕು ಜನ ಯಾರು ಎಂದು ಕಂಡುಹಿಡಿಯಲು ನಾನು ತುಂಬ ಒದ್ದಾಡಿದೆ. ಮೊದಲನೆಯವಳು ಮೂಲೆಮನೆಯ ಇಡ್ಲಿ ಅಂಗಡಿಯ ಪಾಪಾತಿಯಕ್ಕ ಎಂಬುದರಲ್ಲಿ ಸಂಶಯವಿರಲಿಲ್ಲ. ಎರಡನೆಯವನು ಪೋಸ್ಟ್‌ಮ್ಯಾನ್ ಇರಬಹುದು ಎಂದುಕೊಂಡೆ. ಉಳಿದ ಇಬ್ಬರು ಸಿಗಲಿಲ್ಲ. ಒಂದು ದಿನ ಅಜ್ಜಿಯನ್ನೇ ಕೇಳಿದಾಗ ಅವಳು ಗಂಭೀರವಾಗಿ ಯೋಚಿಸಿ, "ಇಬ್ರು ಸೊಂದಕಾರರು, ಇನ್ನಿಬ್ರು ಬೀದಿಯೋರು" ಎಂದಳು. ಸೊಂದಕಾರರೆಂದರೆ ನೆಂಟರು. ನನ್ನ ಪೋಸ್ಟ್‌ಮ್ಯಾನ್ ಪಾರಾದ.

ನಮ್ಮ ಬೀದಿಯ ಬಗ್ಗೆ ಸ್ವಲ್ಪ ಹೇಳಬೇಕು. ಮೆಟ್ಟುಪಾಳ್ಯದಿಂದ ಬಸ್ಸಿನಲ್ಲಿ ಹೆಚ್ಚು ದೂರವಿಲ್ಲದ ನೇಕಾರರ ಬೀದಿ ಅದು. ನಮ್ಮವರು ಯಾವ ಕಾಲದಲ್ಲಿ ಘಟ್ಟ ಇಳಿದು ಬಂದರೋ ಯಾರಿಗೂ ನೆನಪಿಲ್ಲ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಓದಲು ಬೀದಿಯಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ನಾನು ಅಕ್ಷರ ಕಲಿತದ್ದೇ ಮೈಸೂರಿಗೆ ಮದುವೆಯಾಗಿ ಹೋದ ಮೇಲೆ, ಸಿಟಿ ಬಸ್ಸುಗಳ ಬೋರ್ಡು ನೋಡಿ. ಅದಕ್ಕೇ ಇವತ್ತಿಗೂ ನನ್ನ ಓದು ನಿಲ್ದಾಣ ನಿಲ್ದಾಣಕ್ಕೂ ನಿಂತು ಹೋಗುತ್ತದೆ. ಅಲ್ಲಿ ನನ್ನ ಅತ್ತೆಮನೆಯವರಿಗೆ ನಾನು 'ತಮಿಳು ಹುಡುಗಿ', ನಮ್ಮೂರ ಶಾಲೆಯಲ್ಲಿ 'ಕನ್ನಡಕಾರಿ'.

ಶಾಲೆಯ ಮೈದಾನದಲ್ಲಿ ಇದರ ಜೊತೆಗೆ ಇನ್ನೊಂದು ಪದವಿಯೂ ಸಿಕ್ಕಿತ್ತು. ಮಧ್ಯಾಹ್ನ ಇಂಡಿಯಾ–ಪಾಕಿಸ್ತಾನ್ ಆಟ ಆಡುವಾಗ ಪಾಕಿಸ್ತಾನದ ಕಡೆ ನಿಲ್ಲಲು ಯಾರೂ ಒಪ್ಪುತ್ತಿರಲಿಲ್ಲ. ಕೊನೆಗೆ ಹುಡುಗರ ನಾಯಕ ನಮ್ಮ ಬೀದಿಯ ಮಕ್ಕಳ ಕಡೆ ಕೈ ತೋರಿಸಿ, "ನೀವೆಲ್ಲ ಹೇಗೂ ಬೇರೆ ಭಾಷೆಯವರು" ಎನ್ನುತ್ತಿದ್ದ. ಹಾಗೆ ನಾನು ಐದನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ ಪಾಕಿಸ್ತಾನದ ವಿಕೆಟ್ ಕೀಪರ್ ಆಗಿದ್ದೆ. ಪಾಕಿಸ್ತಾನದಿಂದ ನಿಜವಾದ ಒಬ್ಬ ಮನುಷ್ಯ ನಮ್ಮ ಬೀದಿಗೆ ಬರುತ್ತಾರೆ ಎಂದು ಕೇಳಿದಾಗ ಇಡೀ ಶಾಲೆಯಲ್ಲಿ ಸಮಾಧಾನದಿಂದಿದ್ದವಳು ನಾನೊಬ್ಬಳೇ, ಅದೂ ನಮ್ಮ ಟೀಮು ಎಂದು.

ಬಂದವರು ಖೈರುನ್ನೀಸಾ, ನನಗೆ ಖೈರತ್ತೆ, ಪಕ್ಕದ ಮನೆಯ ಟೈಲರ್ ಬಾಷಾ ಮಾಮನ ಅಕ್ಕ. ಹದಿನೇಳರಲ್ಲಿ ಮದುವೆಯಾಗಿ, ಬಂದರಿನಲ್ಲಿ ಕೆಲಸ ಮಾಡುತ್ತಿದ್ದ ಗಂಡನ ಹಿಂದೆ ಹಡಗು ಹತ್ತಿ ಕರಾಚಿಗೆ ಹೋದವರು, ಮೂವತ್ತು ವರ್ಷದ ಮೇಲೆ ಮೊದಲ ಸಲ ತವರಿಗೆ ಬರುತ್ತಿದ್ದರು. ಒಂದು ತಿಂಗಳ ವೀಸಾ. ಪೊಂಗಲ್ ಆಗಿ ಒಂದು ವಾರ. ನಾನು ಎತ್ತರದ, ಬೆಳ್ಳಗಿನ, ಗಂಭೀರ ಹೆಂಗಸನ್ನು ಎದುರುನೋಡುತ್ತಿದ್ದೆ. ಬಸ್ಸಿನಿಂದ ಇಳಿದದ್ದು ನಮ್ಮಜ್ಜಿಯಷ್ಟೇ ಕುಳ್ಳಗಿನ, ನಮ್ಮಜ್ಜಿಗಿಂತ ಒಂದು ಪಾವು ಕಪ್ಪಗಿನ ಒಬ್ಬರು. ಇಳಿಯುತ್ತಲೇ, ಪೆಟ್ಟಿಗೆಯನ್ನು ಎತ್ತಿ ಹಾಕಿದ ಕಂಡಕ್ಟರನಿಗೆ ನಮ್ಮ ಕೊಂಗು ತಮಿಳಿನಲ್ಲಿ, ನಾಲ್ಕು ಮಾತಿಗೊಂದು ಗೌರವದ 'ಉಂಗ' ಸೇರಿಸಿ, ಮರ್ಯಾದೆಯಾಗಿ ಬೈದರು. ನನಗೆ ಸ್ವಲ್ಪ ನಿರಾಸೆಯೇ ಆಯಿತು.

ಮರುದಿನ ವಿಚಾರಣೆಗೆ ಬಂದ ಪೊಲೀಸಿನವನಿಗೂ ಹೀಗೆಯೇ ಆಯಿತು. ಅವನು ಮದುರೆ ಕಡೆಯವನು. ಬಾಷಾ ಮಾಮನ ಜಗಲಿಯಲ್ಲಿ ಲಾಠಿ ಊರಿ ನಿಂತು, "ಪಾಕಿಸ್ತಾನದ ಹೆಂಗಸು ಯಾರು?" ಎಂದು ತಮಿಳಿನಲ್ಲಿ ಕೇಳಿದ. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಖೈರತ್ತೆ ತಲೆಯೆತ್ತಿ, "ನಾಂದಾನುಂಗ. ಉಕ್ಕಾರುಂಗ. ಮೋರು ಕುಡಿಕ್ಕರೀಂಗಳಾ?" ಎಂದರು. ನಾನೇ ಕಣ್ರೀ, ಕೂತುಕೊಳ್ಳಿ, ಮಜ್ಜಿಗೆ ಕುಡಿಯುತ್ತೀರಾ ಎಂದು. ಅವನು ಕೂತ, ಕುಡಿದ, ಕಾಗದದಲ್ಲಿ ಏನು ಬರೆದುಕೊಳ್ಳುವುದೆಂದು ತಿಳಿಯದೆ ಎರಡನೆಯ ಲೋಟ ಕೇಳಿದ. ಇಬ್ಬರಲ್ಲಿ ನಮ್ಮೂರಿಗೆ ಪರದೇಶಿ ಅವನೇ ಎಂದು ನಮಗೆಲ್ಲ ಸ್ಪಷ್ಟವಾಗಿತ್ತು.

ಆದರೆ ಪೊಲೀಸಿನವನಿಗಿಂತ ಮುಂಚೆ, ಬಂದ ಮರುದಿನ ಬೆಳಗಿನ ಕಾಫಿಗೆ ಮೊದಲೇ, ಖೈರತ್ತೆ ನಮ್ಮ ಮನೆಗೆ ಓಡಿಬಂದಿದ್ದರು. ಈಗ ನಮ್ಮ ಹಿಂದಿನ ಕೋಣೆಯ ವಿಷಯ ಹೇಳಬೇಕು. ಅಲ್ಲಿ ತಾತನ ಗುಂಡಿ ಮಗ್ಗವಿತ್ತು. ತಾತ ಹೋದ ಮೇಲೆ ಅದು ಸುಮ್ಮನೆ ಬಿದ್ದಿತ್ತು. ನಮ್ಮ ಮನೆಯಲ್ಲಿ ಹೆಂಗಸರು ನೂಲು ಸುತ್ತುವುದು, ಗಂಡಸರು ನೇಯುವುದು. ಆಡಿ ಉದ್ದವಾಗುತ್ತ ಹೋದಂತೆ ರುಕ್ಕತ್ತೆ ಸುಮ್ಮನೆ ಕೂರಲಾರದೆ ಆ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತಳು. ಆರು ವರ್ಷದವಳಿದ್ದಾಗಿನಿಂದ ತಾತನಿಗೆ ಲಾಳಿಯೊಳಗಿನ ನೂಲಿನ ಕಂಡಿಕೆ ಸುತ್ತಿಕೊಟ್ಟು ನೋಡಿ ಕಲಿತವಳು. ಯಾರಾದರೂ ಬಂದರೆ ಲಾಳಿ ನಿಲ್ಲಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ನೇಯ್ದ ಸೀರೆ ಅಪ್ಪನ ಹೆಸರಿನಲ್ಲಿ ಹೋಗುತ್ತಿತ್ತು. ಎಂಥ ಜಾಣ ವ್ಯವಸ್ಥೆ ಎಂದು ನಾವೆಲ್ಲ ಬೀಗುತ್ತಿದ್ದೆವು.

ತಾತನಿಗೆ ಬಲಗಾಲು ಸ್ವಲ್ಪ ಕುಂಟು. ಕಾಲುಮಣೆ ತುಳಿಯುವಾಗ ಎರಡು ಏಟು ಬೇಗ ಬೀಳುತ್ತಿದ್ದವು, ಮೂರನೆಯದು ಒಂದು ಉಸಿರು ತಡ. ಅದನ್ನೇ ನೋಡಿ ಕಲಿತ ರುಕ್ಕತ್ತೆ, ಎರಡು ಕಾಲೂ ನೆಟ್ಟಗಿದ್ದರೂ, ಹಾಗೆಯೇ ನೇಯುತ್ತಿದ್ದಳು. ಟಕ್ ಟಕ್, ಆಮೇಲೊಂದು ಟಕ್.

ಖೈರತ್ತೆ ಹುಟ್ಟಿ ಬೆಳೆದದ್ದು ನಮ್ಮದೇ ಗೋಡೆಯ ಆ ಕಡೆ. ಮೂವತ್ತು ವರ್ಷದ ಮೇಲೆ ತವರಿನ ಚಾಪೆಯಲ್ಲಿ ಕಣ್ಣು ಬಿಟ್ಟಾಗ ಗೋಡೆಯೊಳಗಿಂದ ಕೇಳಿದ್ದು ಆ ಏಟು. ಸೆರಗು ಸರಿಮಾಡಿಕೊಳ್ಳದೆ ಬಂದವರೇ ಅಜ್ಜಿಯ ಕೈ ಹಿಡಿದು, ನಮ್ಮ ಬೀದಿಯ ಕನ್ನಡದಲ್ಲಿ, "ರಂಗಕ್ಕ, ಅಣ್ಣಾರು ತೀರಿಕೊಂಡ್ರು ಅಂತ ಬಾಷಾ ಕಾಗ್ದ ಬರ್ದಿದ್ದ. ಮಗ್ಗದಾಗೆ ಕುಂತವ್ರಲ್ಲ!" ಎಂದರು. ಮುಖ ಬಿಳುಚಿಕೊಂಡಿತ್ತು. ಅಜ್ಜಿಯ ಮುಖ ಅದಕ್ಕಿಂತ ಹೆಚ್ಚು. ಹಿಂದಿನ ಕೋಣೆಯಲ್ಲಿ ಮಗ್ಗ ತಟ್ಟನೆ ನಿಂತಿತು.

ಇಂಥ ಹೊತ್ತಿಗೆಂದೇ ನೇಮಕವಾದವಳು ನಾನು. ಮುಂದೆ ಬಂದು, "ಅದು ತಾತ ಅಲ್ಲ, ನಮ್ಮ ರುಕ್ಕತ್ತೆ. ಆಡಿಗೆ ಬಂದವ್ರೆ" ಎಂದೆ.

ಖೈರತ್ತೆ ನನ್ನನ್ನು ನೋಡಿದರು. ಹೊಸಿಲ ಮುಂದೆ ಪೊಂಗಲ್ಲಿನ ರಂಗೋಲಿ, ನಮ್ಮ ಕೋಲ, ಇನ್ನೂ ಅಳಿಸಿರಲಿಲ್ಲ, ಅದನ್ನೂ ನೋಡಿದರು. "ಮೂವತ್ತು ವರ್ಷದಾಗೆ ಇಲ್ಲಿ ತಿಂಗಳೆಲ್ಲ ಬದ್ಲಾಯ್ಸಿಬುಟ್ರಾ, ಕಣ್ಣು? ಪೊಂಗಲ್ ಆಗಿ ಎಂಟು ದಿನಕ್ಕೆ ಯಾವ ಆಡಿ?" ಎಂದರು. ನಾನು ಅಜ್ಜಿಯ ಕಡೆ ನೋಡಿದೆ. ಅಜ್ಜಿ ನೆಲ ನೋಡುತ್ತಿದ್ದಳು. ಎರಡೂವರೆ ವರ್ಷದಲ್ಲಿ ಮೊದಲ ಸಲ ನನ್ನ ಸುಳ್ಳನ್ನು ಒಬ್ಬರು ಮುಖದ ಮೇಲೆ ಹಿಡಿದಿದ್ದರು, ಅದೂ ಕರಾಚಿಯಿಂದ ಬಂದು.

ಖೈರತ್ತೆಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೊದಲು ನಕ್ಕರು. ಆಮೇಲೆ ನಮ್ಮ ಅಂಗಳದ ಒರಳಿನ ಮೇಲೆ ಕೂತು ಅತ್ತರು. "ನಿಮ್ದು ಆಡಿನಾ, ರಂಗಕ್ಕ? ನಮ್ದು ದುಬೈ" ಎಂದರು.

ಹಿಂದಿನ ದಿನವಷ್ಟೇ ಅವರು ಬೀದಿಗೆಲ್ಲ ಸಿಹಿ ಹಂಚಿ, ಮಗಳು ಶಮೀಮಳ ಗಂಡ ದುಬೈಯಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ ಎಂದು ಹೇಳಿದ್ದರು. ಸ್ವಂತ ತಮ್ಮನಿಗೂ ಅದನ್ನೇ ಹೇಳಿದ್ದರು. ಅಳಿಯ ದುಬೈ ಕಂಡವನೇ ಅಲ್ಲ. ಕರಾಚಿಯಲ್ಲೇ ಮೂರು ಬಸ್ ನಿಲ್ದಾಣದಾಚೆ ಇದ್ದಾನೆ. ಶಮೀಮ್ ನಾಲ್ಕು ವರ್ಷದಿಂದ ಅಮ್ಮನ ಮನೆಯಲ್ಲಿದ್ದಾಳೆ, ನಮ್ಮ ಅತ್ತೆ ಬಂದ ಕಾರಣಕ್ಕೇ ಬಂದು.

ಪಾಕಿಸ್ತಾನ ಎಂದರೆ ನನಗೆ ಇವತ್ತಿಗೂ ನೆನಪಾಗುವುದು ಭೂಪಟವಲ್ಲ, ಖೈರತ್ತೆ ಹೇಳಿದ ಒಂದು ಕಟ್ಟಡದ ಮೆಟ್ಟಿಲುಗಳು. ನಾಲ್ಕು ಅಂತಸ್ತು, ಅಂತಸ್ತಿಗೆ ನಾಲ್ಕು ಮನೆ. ದೆಹಲಿಯವರು, ಬಿಹಾರದವರು, ಗುಜರಾತಿನವರು, ಅಲ್ಲಿಯ ಸಿಂಧಿಗಳು. ಮೂರನೆಯ ಅಂತಸ್ತಿನ ಮೂಲೆಯಲ್ಲಿ ನಮ್ಮ ಖೈರತ್ತೆ, 'ಮದ್ರಾಸಿವಾಲಿ.' ಅವರ ಮನೆಮಾತು ದಖನಿ ಉರ್ದು, ಬಾಯಿ ತೆರೆದರೆ ಬೇಡಕ್ಕೆ 'ನಕ್ಕೋ', ಹೌದಿಗೆ 'ಹೌ.' ಕಟ್ಟಡವೆಲ್ಲ ನಗುತ್ತಿತ್ತಂತೆ. ಎಲ್ಲರಿಗಿಂತ ಹೆಚ್ಚು ನಕ್ಕವರು ಮೇಲಿನ ಮನೆಯ ದೆಹಲಿ ಆಪಾ, ಅಂದರೆ ದೆಹಲಿಯಕ್ಕ. ಅವರ ಉರ್ದು ಎಷ್ಟು ನಯವೆಂದರೆ ಹಾಲಿನವನನ್ನು ಬೈದರೂ ಅವನು ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದನಂತೆ. ಇಪ್ಪತ್ತು ವರ್ಷ ಆಪಾ ಖೈರತ್ತೆಯ ಮಾತನ್ನು ತಿದ್ದಿದರು, ಇಪ್ಪತ್ತು ವರ್ಷ ಖೈರತ್ತೆ ತಿದ್ದಿಕೊಳ್ಳಲಿಲ್ಲ.

"ಕನ್ನಡ ಮಾತಾಡಕ್ಕೆ ಅಲ್ಲಿ ಯಾರೂ ಇಲ್ಲ. ಒಂದು ಮೇಕೆ ಸಾಕಿದ್ದೆ ಟೆರೇಸ್ ಮೇಲೆ. ಅದ್ರ ಜತೆ ನಮ್ಮ ಬೀದಿ ಮಾತು ಆಡ್ತಿದ್ದೆ, ಮರ್ತು ಹೋಗ್ಬಾರ್ದು ಅಂತ" ಎಂದು ಅವರು ಹೇಳುತ್ತಿದ್ದರು. ಅವರ ಗಂಡನ ತಾಯಿಗೆ, ಸೊಸೆ ಮೇಕೆಗೆ ಮಾಟ ಮಾಡುತ್ತಿದ್ದಾಳೆ ಎಂದು ಅನುಮಾನ. ಮೌಲ್ವಿಗಳನ್ನು ಕರೆಸಿದಳು. ಅವರು ಬಂದು ನೋಡಿದರೆ ಖೈರತ್ತೆ ಮೇಕೆಗೆ "ಬಾ ಚಿನ್ನ, ಉಂಡ್ಯಾ" ಎಂದು ವಿಚಾರಿಸುತ್ತಿದ್ದಾರೆ. ನಾನು ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಕನ್ನಡ ಬರುವ ಮೇಕೆಯೊಂದು ಕರಾಚಿಯಲ್ಲಿತ್ತು ಎಂಬುದು ಮೈಸೂರಿನಲ್ಲಿ ನನ್ನ ಕನ್ನಡ ಕೇಳಿ ಜನ ಹುಬ್ಬೇರಿಸಿದಾಗಲೆಲ್ಲ ನನಗೆ ಧೈರ್ಯ ಕೊಟ್ಟಿದೆ.

ಶಮೀಮ್ ಒಂದು ಬ್ಯಾಗು ಹಿಡಿದು ಗಂಡನ ಮನೆಯಿಂದ ಬಂದ ಮಧ್ಯಾಹ್ನ ಆ ಮೆಟ್ಟಿಲುಗಳ ಉದ್ದಕ್ಕೂ ಬಾಗಿಲುಗಳೆಲ್ಲ ಒಂದೊಂದು ಗೇಣು ತೆರೆದಿದ್ದವಂತೆ. ಅಲ್ಲಿಯೂ ಅದೇ ಮಾತು, 'ಚಾರ್ ಲೋಗ್ ಕ್ಯಾ ಕಹೇಂಗೆ.' ಕೇಳಿ ನಾನು ದಂಗಾದೆ. ನಮ್ಮ ನಾಲ್ಕು ಜನ ಅಲ್ಲಿಗೂ ಹೋಗಿ ಬರುತ್ತಿದ್ದಾರಲ್ಲ, ಅದೂ ವೀಸಾ ಇಲ್ಲದೆ! ಯಾರಾದರೂ ಏನಾದರೂ ಕೇಳುವ ಮೊದಲೇ ಮೇಲಿನಿಂದ ದೆಹಲಿ ಆಪಾ ಕಟಾಂಜನ ಹಿಡಿದು ಬಾಗಿ, ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿದರಂತೆ: "ಮುಬಾರಕ್, ಮದ್ರಾಸಿವಾಲಿ! ಅಳಿಯನಿಗೆ ದುಬೈಯಲ್ಲಿ ಕೆಲಸ ಸಿಕ್ಕಿತಂತೆ! ಮಗಳು ಇಲ್ಲೇ ಇರುತ್ತಾಳಂತೆ!" ಆ ಸುಳ್ಳು ಖೈರತ್ತೆಯದಲ್ಲ. ಇಪ್ಪತ್ತು ವರ್ಷ ಅವರನ್ನು ನೋಡಿ ನಕ್ಕ ಬಾಯಿಯಿಂದ ಬಂದದ್ದು.

"ನಂಬಿದ್ರಾ ಜನ?" ಎಂದು ಅಜ್ಜಿ ಕೇಳಿದಳು.

"ಯಾರು ನಂಬ್ತಾರೆ? ಎಲ್ರಿಗೂ ಗೊತ್ತು. ಆದ್ರೂ ಪ್ರತಿ ಈದ್‌ಗೆ ಬಂದು, ದುಬೈಯಿಂದ ಕಾಗ್ದ ಬಂತಾ, ಅಲ್ಲಿ ಸೆಕೆ ಹೆಂಗದೆ ಅಂತ ಕೇಳ್ತಾರೆ. ನಾನೂ ಸೆಕೆ ಜಾಸ್ತಿ ಅಂತೀನಿ" ಎಂದರು ಖೈರತ್ತೆ.

ಅಷ್ಟರಲ್ಲಿ ರುಕ್ಕತ್ತೆ ಹಿಂದಿನ ಕೋಣೆಯಿಂದ ಹೊರಬಂದು ಬಾಗಿಲಿಗೆ ಒರಗಿ ನಿಂತಿದ್ದಳು. ಕೂದಲಲ್ಲಿ ಹತ್ತಿಯ ಧೂಳು. ಬೇರೆಯವರ ಮುಂದೆ ಅವಳು ಹಾಗೆ ಬಂದು ನಿಂತದ್ದನ್ನು ನಾನು ನೋಡಿರಲಿಲ್ಲ. ಖೈರತ್ತೆ ಅವಳನ್ನು ಹತ್ತಿರ ಕರೆದು ಕೈ ಹಿಡಿದುಕೊಂಡರು, ಬಳೆಗಳನ್ನು ಮುಟ್ಟಲಿಲ್ಲ. "ಇವ್ಳನ್ನ ಏನ್ ಮಾಡ್ತೀಯಾ ರಂಗಕ್ಕ?" ಎಂದು ಅಜ್ಜಿಯನ್ನು ಕೇಳಿದರು.

ನಿಮಗೆ ಹೇಳುವುದನ್ನೇ ಬಿಟ್ಟೆ. ಆ ತಿಂಗಳ ಮೊದಲಲ್ಲಿ ಆನೈಮಲೈಯಿಂದ ಹೇಳಿ ಕಳಿಸಿದ್ದರು: ಪೊಂಗಲ್ ತಿಂಗಳು ಕಳೆದು ಮಾಸಿ ಹುಟ್ಟಿದ ಮೇಲೆ ಒಳ್ಳೆಯ ದಿನ ನೋಡಿ ಬರುತ್ತೇವೆ, ಹೆಣ್ಣನ್ನು ಕಳಿಸಿ, ಇಲ್ಲವಾದರೆ ಕುಲದ ಹಿರಿಯರ ಮುಂದೆ ಮಾತಾಗುತ್ತದೆ ಎಂದು. ಅಜ್ಜಿ ಸೋತು ಹೋಗಿ 'ಸರಿ' ಎಂದು ಒಪ್ಪಿದ್ದಳು. ರುಕ್ಕತ್ತೆಯ ಟ್ರಂಕಿನ ಧೂಳು ಒರೆಸಿ ಇಟ್ಟಾಗಿತ್ತು. ಅಂದಿನಿಂದ ರುಕ್ಕತ್ತೆಯ ಮಗ್ಗ ಬೆಳಗಿನ ಜಾವಕ್ಕೇ ಶುರುವಾಗುತ್ತಿತ್ತು.

"ಕಳಿಸ್ಬೇಕು. ನಾಲ್ಕು ಜನ…" ಎಂದು ಅಜ್ಜಿ ಶುರುಮಾಡಿದಳು.

ಖೈರತ್ತೆ ಅವಳ ಮಾತು ಮುಗಿಯಲು ಬಿಡಲಿಲ್ಲ. ತಾನೂ ಒಮ್ಮೆ ಹೀಗೆಯೇ ಶಮೀಮಳನ್ನು ವಾಪಸು ಕಳಿಸಲು ಹೊರಟಿದ್ದೆ ಎಂದರು. ರಿಕ್ಷಾ ತರಿಸಿದ್ದರಂತೆ, ಮಗಳನ್ನು ಕೂರಿಸಿದ್ದರಂತೆ. ದೆಹಲಿ ಆಪಾ ಮಂಡಿನೋವಿನಲ್ಲಿ ನಾಲ್ಕು ಅಂತಸ್ತು ಇಳಿದು ಬಂದು ರಿಕ್ಷಾ ಹತ್ತಿ ಶ‌ಮೀಮಳ ಪಕ್ಕದಲ್ಲಿ ಕೂತುಬಿಟ್ಟರು. ಎಲ್ಲಿಗೆ ಎಂದರೆ, "ನಾನೂ ಜೊತೆಗೆ ಹೋಗುತ್ತೇನೆ. ಆ ಮನೆಯಲ್ಲಿ ಇವಳಿಗೆ ಹೊಡೆಯುವಾಗ ಪಕ್ಕದಲ್ಲಿ ಒಬ್ಬರಾದರೂ ಇರಲಿ" ಎಂದರು. ಇಳಿಯಿರಿ ಎಂದರೆ ಇಳಿಯಲಿಲ್ಲ. ರಿಕ್ಷಾದವನು ಕಾದು ಕಾದು ಬೀಡಿ ಸೇದಿ ಮುಗಿಸಿದ. ಕೊನೆಗೆ ಶಮೀಮಳೂ ಆಪಾನೂ ಒಟ್ಟಿಗೆ ಇಳಿದು ಮೇಲೆ ಹೋದರು. "ಆವತ್ತಿಂದ ನಾನು ಅವ್ರ ಮುಂದೆ 'ನಕ್ಕೋ' ಅನ್ನಲ್ಲ, ರಂಗಕ್ಕ. ಮರ್ಯಾದೆಯಾಗಿ 'ನಹೀ' ಅಂತೀನಿ" ಎಂದು ಖೈರತ್ತೆ ನಕ್ಕರು. ಅಜ್ಜಿ ನಗಲಿಲ್ಲ. ಎಲೆ ಅಡಿಕೆಯ ತಟ್ಟೆ ಎಳೆದುಕೊಂಡು, ಸುಣ್ಣ ಹಚ್ಚಿ, ಮಡಿಸಿ, ಹಾಕಿಕೊಳ್ಳದೆ ಕೈಯಲ್ಲೇ ಇಟ್ಟುಕೊಂಡು ಕೂತಳು.

ಉಳಿದ ದಿನಗಳೆಲ್ಲ ಖೈರತ್ತೆ ನಮ್ಮ ಹಿಂದಿನ ಕೋಣೆಯಲ್ಲೇ ಇದ್ದರು. ಶಮೀಮಳಿಗೆ ಒಂದು ಬಟ್ಟೆ ನೇಯ್ದುಕೊಡು, ನಿನ್ನ ಕೈಯದೇ ಬೇಕು ಎಂದು ರುಕ್ಕತ್ತೆಯನ್ನು ಕೇಳಿದರು. ಅರಿಶಿನ ಬಣ್ಣದ ಒಡಲು, ಎರಡೂ ಕಡೆ ಬಾಳೆಎಲೆ ಹಸಿರಿನ ಅಂಚು. ವೀಸಾ ಮುಗಿಯುವುದರೊಳಗೆ ಆಗಬೇಕು, ನಡುವೆ ಅಮಾವಾಸ್ಯೆ ಬೇರೆ. ಅಮಾವಾಸ್ಯೆಯ ದಿನ ನಮ್ಮ ಬೀದಿಯಲ್ಲಿ ಯಾರೂ ಲಾಳಿ ಮುಟ್ಟುವುದಿಲ್ಲ. ನಾನು ಶಾಲೆಯಿಂದ ಬಂದವಳೇ ಕಂಡಿಕೆ ಸುತ್ತಲು ಕೂರುತ್ತಿದ್ದೆ. ಸುತ್ತುವುದಕ್ಕಿಂತ ಸಿಕ್ಕು ಮಾಡುತ್ತಿದ್ದದ್ದೇ ಹೆಚ್ಚು, ಬಿಡಿಸುತ್ತ ಖೈರತ್ತೆ ಕರಾಚಿಯ ಕತೆ ಹೇಳುತ್ತಿದ್ದರು. ರುಕ್ಕತ್ತೆ ಒಂದೊಂದು ಸಲ ಜೋರಾಗಿ ನಗುತ್ತಿದ್ದಳು.

ಪಾಕಿಸ್ತಾನದ ಹೆಂಗಸನ್ನು ನೋಡಲು ಬೀದಿಯವರೆಲ್ಲ ಬರುತ್ತಿದ್ದರು. ಅವರು ಕೂತಿದ್ದದ್ದು ಮಗ್ಗದ ಪಕ್ಕ, ಹೀಗಾಗಿ ಆ ಬಾಗಿಲು ಹಾಕುವಂತಿರಲಿಲ್ಲ. ಬಂದವರೆಲ್ಲ ರುಕ್ಕತ್ತೆಯನ್ನು ದಾಟಿಯೇ ಹೋಗಬೇಕಾಯಿತು. ನಾನು ಬಾಗಿಲಲ್ಲಿ ಗಾಬರಿಯಿಂದ ನಿಂತಿದ್ದೆ. ಒಬ್ಬರೂ ಆಶ್ಚರ್ಯಪಡಲಿಲ್ಲ. ಇಡ್ಲಿ ಅಂಗಡಿಯ ಪಾಪಾತಿಯಕ್ಕ, ನನ್ನ ಪಟ್ಟಿಯ ಮೊದಲನೆಯವಳು, ಹಸಿರು ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ, "ಚೆನ್ನಾಗಿ ಬಂದದೆ, ಅಮ್ಮಣಿ. ನಿಮ್ಮಪ್ಪನ ಕೈದಾನ್" ಎಂದಳು, ಅಪ್ಪನ ಕೈಯೇ ಎಂದು. ಹೊರಡುವಾಗ ನನ್ನ ಕೆನ್ನೆ ಹಿಂಡಿ, "ಆಡಿ ಹೆಂಗೆ ಹೋಗ್ತಾ ಅದೆ?" ಎಂದು ಕೇಳಿದಳು.

ಆಗ ನನಗೆ ತಿಳಿಯಿತು. ಮನುಷ್ಯಳನ್ನು ಬಚ್ಚಿಟ್ಟು ಮಗ್ಗವನ್ನು ಬಚ್ಚಿಡಲು ಮರೆಯುವ ಪೆದ್ದುತನ ನೇಕಾರರಿಗಷ್ಟೇ ಸಾಧ್ಯ. ಹುಟ್ಟಿದಾಗಿನಿಂದ ಕೇಳುವ ಸದ್ದು ನಮಗೆ ಸದ್ದೇ ಅಲ್ಲವಲ್ಲ. ಆದರೆ ಬೀದಿಯವರೆಲ್ಲ ಯಾವ ಮಗ್ಗ ಯಾರ ಕೈ ಎಂದು ಮಲಗಿದಲ್ಲೇ ಹೇಳಬಲ್ಲವರು. ಸತ್ತವನ ತಾಳ ಹಿಂದಿನ ಕೋಣೆಯಿಂದ ಮೊದಲ ಸಲ ಕೇಳಿದ ದಿನವೇ, ಮಗಳು ತವರಲ್ಲೇ ಉಳಿದಳು ಎಂದು ಅವರಿಗೆ ಗೊತ್ತಾಗಿತ್ತು. ಎರಡೂವರೆ ವರ್ಷ ಅವರು ನಮ್ಮ ಬಾಗಿಲಿಗೆ ಬಂದು ನನ್ನ ಬಾಯಿಂದ ಸುಳ್ಳು ಕೇಳಿಸಿಕೊಂಡು, ತಲೆಯಾಡಿಸಿ ಹೋಗಿದ್ದರು. ನನಗೆ ನಾಚಿಕೆಯಾಯಿತು. ಅಷ್ಟು ಚೆನ್ನಾಗಿ ನಟಿಸುತ್ತಿದ್ದದ್ದು ನಾನೊಬ್ಬಳೇ ಎಂದು ತಿಳಿದಿದ್ದೆ.

ಬಟ್ಟೆ ಮುಗಿದದ್ದು ಖೈರತ್ತೆ ಹೊರಡುವ ಬೆಳಿಗ್ಗೆ. ಗಂಜಿಯ ವಾಸನೆ ಹೋಗಿರಲಿಲ್ಲ. ಅದನ್ನು ಪೆಟ್ಟಿಗೆಗೆ ಹಾಕದೆ ಮಡಿಲಲ್ಲೇ ಇಟ್ಟುಕೊಂಡು ಬಸ್ಸು ಹತ್ತಿದರು. ಅದರ ಮುಂದಿನ ಕತೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆ ವರ್ಷದ ಕೊನೆಗೆ ಒಂದು ಕಾಗದ ಬಂತು, ಒಳಗೊಂದು ಫೋಟೋ. ಅರಿಶಿನ ಬಣ್ಣದ ಕಮೀಜು ಹಾಕಿದ ಹುಡುಗಿ ಒಂದು ಪುಟ್ಟ ಅಂಗಡಿಯ ಮುಂದೆ ಹೊಲಿಗೆ ಯಂತ್ರದ ಮೇಲೆ ಕೈಯಿಟ್ಟು ನಿಂತಿದ್ದಾಳೆ. ಪಕ್ಕದ ಕುರ್ಚಿಯಲ್ಲಿ ಒಬ್ಬ ಮುದುಕಿ ಮಂಡಿ ಹಿಡಿದುಕೊಂಡು ಕೂತಿದ್ದಾಳೆ. ಮೇಲೆ ಉರ್ದುವಿನಲ್ಲಿ ಬೋರ್ಡು. ಬಾಷಾ ಮಾಮನ ಉರ್ದು ಓದು ನನ್ನ ಕನ್ನಡದ ಓದಿನ ಹಾಗೆ. ಕನ್ನಡಕ ಹಾಕಿ, ತೆಗೆದು, ಒರೆಸಿ, ಕೊನೆಗೆ ಅಕ್ಷರ ಕೂಡಿಸಿ ಓದಿದರು: "ದುಬೈ ಟೈಲರ್ಸ್." ಅಜ್ಜಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆ ಫೋಟೋ ಈಗಲೂ ರುಕ್ಕತ್ತೆಯ ಮಗ್ಗದ ಮೇಲಿನ ಗೋಡೆಯಲ್ಲಿದೆ.

ಹೌದು, ರುಕ್ಕತ್ತೆಯ ಮಗ್ಗ ಇನ್ನೂ ಇದೆ. ಅದು ಹೇಗೆ ಉಳಿಯಿತು ಎಂಬುದನ್ನು ಹೇಳಿ ಮುಗಿಸುತ್ತೇನೆ.

ಖೈರತ್ತೆ ಹೋದ ಒಂಬತ್ತನೆಯ ದಿನ, ಬೆಳಿಗ್ಗೆ ಹತ್ತರ ಹೊತ್ತಿಗೆ, ಆನೈಮಲೈಯವರು ಬಂದರು. ರುಕ್ಕತ್ತೆಯ ಗಂಡ ಮತ್ತು ಅವನ ದೊಡ್ಡಪ್ಪ. ತಟ್ಟೆಯಲ್ಲಿ ಸೀರೆ, ಹೂವು, ತಮ್ಮದೇ ಮಂಡಿಯ ದೊಡ್ಡ ದೊಡ್ಡ ತೆಂಗಿನಕಾಯಿ. ಗಂಡ ಜಗಲಿಯ ಕಂಬ ನೋಡುತ್ತ ಕೂತ. ಅಮ್ಮ ಕಾಫಿ ತಂದಿಟ್ಟಳು. ಹಿಂದಿನ ಕೋಣೆಯಲ್ಲಿ ಮಗ್ಗ ನಿಂತಿತು. ನಡುಮನೆಯಲ್ಲಿದ್ದ ಅಪ್ಪನ ಮಗ್ಗವೂ ನಿಂತಿತು. ಆಮೇಲೆ ಎದುರುಮನೆಯದು. ಅದರ ಪಕ್ಕದ್ದು. ಬಾಷಾ ಮಾಮನ ಹೊಲಿಗೆ ಯಂತ್ರ. ಒಂದೊಂದಾಗಿ ಬೀದಿಯ ಸದ್ದೆಲ್ಲ ನಿಂತುಹೋಯಿತು. ಅಮಾವಾಸ್ಯೆ ಬಿಟ್ಟರೆ ನಮ್ಮ ಬೀದಿ ಅಷ್ಟು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. ಎಲ್ಲರೂ ಕಿವಿ ಕೊಟ್ಟಿದ್ದರು.

"ಎಲ್ಡೂವರೆ ವರ್ಷ ಆಯ್ತು, ಅಕ್ಕ. ನಾಲ್ಕು ಜನ ನಾಲ್ಕು ಥರ ಮಾತಾಡ್ತಾರೆ. ಹೆಣ್ಣ ಕಳ್ಸಿಬುಡಿ" ಎಂದರು ದೊಡ್ಡಪ್ಪ.

ಅಭ್ಯಾಸಬಲದಿಂದ ನನ್ನ ಬಾಯಿ ತೆರೆಯಿತು. ಅಜ್ಜಿ ಕೈಯೆತ್ತಿ ನನ್ನನ್ನು ತಡೆದಳು. ಎದ್ದು ನಿಂತು, ಎದುರಿಗೆ ಕೂತವರಿಗಲ್ಲ, ತೆರೆದ ಬಾಗಿಲಿನಾಚೆಗೆ, ಬೀದಿಗೆ ಕೇಳುವಂತೆ ಹೇಳಿದಳು:

"ಆಡಿ ಇನ್ನೂ ಮುಗೀಲಿಲ್ಲ."

"ಇದು ಮಾಸಿ ಅಲ್ವಾ, ಅಕ್ಕ?"

"ನಿಮ್ಮ ಮನೇಲಿ ಮಾಸಿ. ನಮ್ಮ ಮನೇಲಿ ಆಡಿ. ನನ್ನ ಮಗ್ಳ ಕೈ ನೋಡಿದೀನಿ ನಾನು. ಇನ್ನು ಈ ಮನೇಲಿ ಯಾವಾಗ್ಲೂ ಆಡಿ ದಾನ್. ಕಾಫಿ ಆರ್ತಾ ಅದೆ, ಕುಡ್ದು ಹೊರಡಿ."

ಗಂಡ ಕಂಬ ಬಿಟ್ಟು ತನ್ನ ಚಪ್ಪಲಿ ನೋಡತೊಡಗಿದ. ದೊಡ್ಡಪ್ಪ ಕಾಫಿಯನ್ನು ಅರ್ಧಕ್ಕೆ ಬಿಟ್ಟು, ತಟ್ಟೆ ಎತ್ತಿಕೊಂಡು, ಹಿರಿಯರ ಮುಂದೆ ಮಾತಾಡೋಣ ಎಂದು ಹೇಳಿ ಹೊರಟರು. ಅವರ ಕಾರು ಬೀದಿಯ ಕೊನೆಯ ಬೇವಿನ ಮರ ದಾಟುವವರೆಗೆ ಒಂದು ಮಗ್ಗವೂ ಕೇಳಿಸಲಿಲ್ಲ. ಅಜ್ಜಿ ಕಂಬ ಹಿಡಿದು ನಿಂತಿದ್ದಳು. ಇನ್ನು ನಾಲ್ಕು ಜನ ಏನಂತಾರೋ ಎಂದು ಅವಳು ಕಾಯುತ್ತಿದ್ದಳು, ನನಗೆ ಗೊತ್ತು.

ಮೊದಲು ಎದುರುಮನೆಯ ಮಗ್ಗ ಒಂದು ಏಟು ಹಾಕಿತು. ಆಮೇಲೆ ಅದರ ಪಕ್ಕದ್ದು. ಬಾಷಾ ಮಾಮನ ಯಂತ್ರ ಗರಗರ ಎಂದಿತು. ಮೇಲಿನ ಮೂಲೆಯಿಂದ ಕೆಳಗಿನ ಮೂಲೆಯವರೆಗೆ ಬೀದಿಯ ಮಗ್ಗಗಳೆಲ್ಲ ಒಂದರ ಹಿಂದೆ ಒಂದು ಶುರುವಾದವು. ಎಲ್ಲಕ್ಕಿಂತ ಕೊನೆಗೆ, ನಮ್ಮ ಹಿಂದಿನ ಕೋಣೆಯಿಂದ, ಬಾಗಿಲು ತೆರೆದುಕೊಂಡೇ, ಎರಡು ಬೇಗ, ಒಂದು ತಡ.